ಇಲ್ಲಿಲ್ಲದ್ದು ಅಲ್ಲೇನಿತ್ತು ಮಾರಾಯ?

ಮದುವೆಮನೆ ಪಂಕ್ತಿಯಲ್ಲಿ, ಅಡಿಕೆ ಮಂಡಿಯಲ್ಲಿ, ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ. ‘ಆಗುಂಬೆ ಪಕ್ಕದಲ್ಲೇ ಇಟ್ಕೊಂಡು ನ್ಯೂಜಿಲೆಂಡಿಗೆ ಹೋಗಿ ಹನ್ನೊಂದು ದಿನ ಕಾರು ಓಡಿಸಿ ಬಂದ್ಯಲ್ಲ, ಇಲ್ಲಿಲ್ಲದ್ದು ಅಲ್ಲೇನಿತ್ತು ಮಾರಾಯ?’ ಪ್ರತಿ ಸಲ ‘ಚೆನ್ನಾಗಿತ್ತು’ ಅಂದು, ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡು ಸುಮ್ಮನಾಗಿದ್ದೇನೆ. ಪೂರ್ತಿ ಉತ್ತರ ಇಲ್ಲಿದೆ.

ಪಡಿಪಾಟಲು ಶುರುವಾಗಿದ್ದೇ ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದಲ್ಲಿ. ಬೂಟಿನ ತಳ ತೋರಿಸಿ ಅಂದರು. ಕೊಡಚಾದ್ರಿಯ ಕೆಂಪುಮಣ್ಣು ಇನ್ನೂ ಅಂಟಿತ್ತು. ಹೊರಗಿನ ಮಣ್ಣು, ಬೀಜ, ಜೇನುತುಪ್ಪ ಇವನ್ನೆಲ್ಲ ಅವರು ಒಳಗೆ ಬಿಡುವುದಿಲ್ಲ. ಫಾರಂನಲ್ಲಿ ಮೊದಲೇ ಬರೆದಿದ್ದೆ, ದಂಡ ತಪ್ಪಿತು. ಅವರೇ ಒಯ್ದು ತೊಳೆದು ತಂದುಕೊಟ್ಟರು. ಆ ಬೂಟು ಅಷ್ಟು ಚೊಕ್ಕವಾಗಿದ್ದು ಅಂಗಡಿಯಿಂದ ತಂದ ದಿನ ಬಿಟ್ಟರೆ ಅವತ್ತೇ.

ಅಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುವುದು, ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸೇ ಸಾಕು. ಸುಲಭ ಅಂದುಕೊಂಡಿದ್ದೆ. ಆದರೆ ನನಗೆ ಸಿಕ್ಕ ಜಪಾನಿನ ಕಾರಿನಲ್ಲಿ ಇಂಡಿಕೇಟರ್ ಸ್ಟೀರಿಂಗಿನ ಬಲಕ್ಕೆ, ವೈಪರ್ ಎಡಕ್ಕೆ. ಒಂದೊಂದು ತಿರುವಿಗೂ ಸುಡುಬಿಸಿಲಲ್ಲಿ ವೈಪರ್ ಕರ್‌ಕರ್ ಅನ್ನುವುದು, ಪಕ್ಕದಲ್ಲಿ ಹೆಂಡತಿ ಕಿಸಕ್ಕೆನ್ನುವುದು. ಮೂರನೇ ದಿನ ಎದುರಿನ ಲಾರಿ ಎಬ್ಬಿಸಿದ ಕಲ್ಲು ಗಾಜಿಗೆ ಬಡಿದು ಕಡಲೆಬೇಳೆಯಷ್ಟು ಗಾಯ. ನಾನು ತೆಗೆದುಕೊಂಡ ವಿಮೆಯಲ್ಲಿ ಗಾಜು ಸೇರಿರಲಿಲ್ಲ. ಓದದೆ ಸಹಿ ಹಾಕಿದ್ದು ನಾನೇ, ಯಾರನ್ನು ಬೈಯಲಿ?

ಖುಷಿ ಕೊಟ್ಟಿದ್ದು ಅಲ್ಲಿನ ಒಂಟಿ ಸೇತುವೆಗಳು. ಹೆದ್ದಾರಿಯಲ್ಲೂ ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳಿವೆ. ಫಲಕದಲ್ಲಿ ನಮ್ಮ ಕಡೆಯ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನಾವು ನಿಲ್ಲಬೇಕು. ಹಾರ್ನ್ ಇಲ್ಲ, ಲೈಟ್ ಹೊಡೆಯುವುದಿಲ್ಲ, ಎದುರಿನವರು ದಾಟಿ ಬಂದು ಒಂದು ಬೆರಳೆತ್ತಿ ಹೋಗುತ್ತಾರೆ. ನಮ್ಮ ಘಾಟಿಯಲ್ಲಿ ಇದು ನಡೆಯುತ್ತದಾ? ಬಿಡಿ.

ಹೋಗಿದ್ದೇ ಮಿಲ್ಫರ್ಡ್ ಸೌಂಡ್ ನೋಡುವುದಕ್ಕೆ. ಸಮುದ್ರ ಒಳನುಗ್ಗಿದ ಕಣಿವೆ, ಎರಡೂ ಕಡೆ ನೆಟ್ಟಗೆ ಎದ್ದ ಬಂಡೆ. ಆಗುಂಬೆಯ ಹಾಗೇ ಅಲ್ಲೂ ವರ್ಷಕ್ಕೆ 6,000 ಮಿ.ಮೀ. ಮೀರಿ ಮಳೆ. ನಮ್ಮದು ಬಹುಪಾಲು ಮಳೆಗಾಲದಲ್ಲೇ ಸುರಿದು ಮುಗಿಯುತ್ತದೆ, ಅಲ್ಲಿ ಹನ್ನೆರಡು ತಿಂಗಳೂ ಉಂಟು. ಡಿಸೆಂಬರ್ ಅಲ್ಲಿ ಬೇಸಿಗೆ ಅಂತ ನಂಬಿ ಹೋದರೆ, ತೆ ಅನೌ ಊರಿನಲ್ಲೇ ಎರಡು ದಿನ ಕೂತೆವು. ಜಡಿಮಳೆಗೆ ರಸ್ತೆ ಬಂದ್. ಘಾಟಿ ಬಂದಾಯಿತೆಂದು ಮನೆಯಲ್ಲಿ ಕೂರುವುದೇನು ನಮಗೆ ಹೊಸದೇ? ಆದರೆ ಮನೆಯಲ್ಲಿ ಕೂತರೆ ರೂಮಿನ ಬಾಡಿಗೆ ಏರುವುದಿಲ್ಲ.

ಮೂರನೇ ದಿನ ಬಿಟ್ಟರು. ಸುಮಾರು 120 ಕಿ.ಮೀ. ದಾರಿ. ನಡುವೆ 1954ರಲ್ಲಿ ತೆರೆದ ಹೋಮರ್ ಸುರಂಗ, 1.2 ಕಿ.ಮೀ. ಉದ್ದಕ್ಕೂ ಇಳಿಜಾರು, ಗೋಡೆಯೆಲ್ಲ ಕೊರೆದಿಟ್ಟ ಹಸಿಬಂಡೆ. ಸುರಂಗದ ಬಾಯಲ್ಲಿ ಸಿಗ್ನಲಿಗೆ ನಿಂತಾಗ ಕೀಯಾ ಎಂಬ ಹಸಿರು ಗಿಳಿ ಬಂದು ಬಾಗಿಲ ರಬ್ಬರ್ ಎಳೆಯತೊಡಗಿತು. ನಾನು ಕಂಡಿದ್ದು ಅಷ್ಟೇ. ಕಾರು ಓಡಿಸುವವನಿಗೆ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ. ದಾರಿಯಲ್ಲಿ ಏನೇನಿತ್ತೆಂದು ಹೆಂಡತಿಯ ಫೋಟೋದಲ್ಲಿ ನೋಡಿದೆ. ನೋಡಲೇಬೇಕು ಅನ್ನುವವರು ತೆ ಅನೌನಿಂದ ಬಸ್ಸಿಗೆ ಹೋಗಿ.

ದೋಣಿ ಹತ್ತುವಾಗ ಮತ್ತೆ ಮಳೆ. ನಮ್ಮ ಕಾಡಿನಲ್ಲಿ ಮಳೆ ಕಿವಿಗೆ ಬೀಳುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಮರ, ದರಕು, ಮಣ್ಣು ಎಲ್ಲ ಕುಡಿದು ಮಿಕ್ಕಿದ್ದು ಹಳ್ಳಕ್ಕೆ. ಅಲ್ಲಿ ಬಂಡೆಯ ಮೇಲೆ ನೀರು ಹಿಡಿದಿಡುವಷ್ಟು ಮಣ್ಣೇ ಇಲ್ಲ. ಬಿದ್ದ ಮಳೆ ಬಿದ್ದಲ್ಲಿಂದಲೇ ಧುಮುಕುತ್ತದೆ. ಎಣಿಸಲು ಶುರುಮಾಡಿ ಅರವತ್ತಕ್ಕೆ ಬಿಟ್ಟೆ. ಒಂದೆರಡು ಬಿಟ್ಟರೆ ಆ ಜಲಪಾತಗಳು ಬೆಳಿಗ್ಗೆ ಇರಲಿಲ್ಲ, ಮಳೆ ನಿಂತರೆ ಕೆಲವೇ ಗಂಟೆಯಲ್ಲಿ ಇರುವುದೂ ಇಲ್ಲ. ಗಾಳಿ ಬೀಸಿದಾಗ ಒಂದೆರಡು ಕೆಳಗೆ ಮುಟ್ಟದೆ ಮೇಲಕ್ಕೇ ಹಾರಿದವು. ಇಲ್ಲಿಲ್ಲದ್ದು ಅಂದರೆ ಅದು. ಜೋಗಕ್ಕೂ ಅದಕ್ಕೂ ಹೋಲಿಕೆ ಬೇಡ, ಜೋಗ ಜೋಗವೇ.

ವಿಡಿಯೋ ಅಮ್ಮನಿಗೆ ತೋರಿಸಿದೆ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಒದ್ದೆ ಪಂಚೆ ಹರವುತ್ತಲೇ ನೋಡಿದಳು. ‘ವರ್ಷವಿಡೀ ಹೀಗೇ ಹೊಯ್ದರೆ ಬಟ್ಟೆ ಎಲ್ಲಿ ಒಣಗಿಸ್ತಾರೋ?’ ಅಂದಳು. ಅದನ್ನು ನೋಡಿಕೊಂಡು ಬಂದಿರಲಿಲ್ಲ.