ನಿಮ್ಮ ಅಜ್ಜ ಪುಣ್ಯವಂತರು ಎನ್ನುವವರಿಗೆ

ಬೆಂಗಳೂರು–ಮಂಗಳೂರು ಹಗಲು ರೈಲಿಗೆ 2021ರಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಬಂದಾಗಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟವನ್ನು ನೋಡಿ ಬಂದವರಿಗೆ, ನನ್ನ ಅಜ್ಜ ಅದೇ ಹಳಿಯಲ್ಲಿ ಕೀಮ್ಯಾನ್ ಆಗಿದ್ದರೆಂದು ಗೊತ್ತಾದರೆ ಸಾಕು. "ಅಂಥ ಕಾಡಿನಲ್ಲಿ ಓಡಾಡುವುದಕ್ಕೆ ಮೇಲಿಂದ ಸಂಬಳ! ಅವರಿಗೆ ಅದು ಕೆಲಸ ಎಂದಾದರೂ ಅನ್ನಿಸುತ್ತಿತ್ತೇ?" ಎನ್ನುತ್ತಾರೆ.

ಅನ್ನಿಸುತ್ತಿತ್ತು. ಚೆನ್ನಾಗಿಯೇ ಅನ್ನಿಸುತ್ತಿತ್ತು.

ಕೀಮ್ಯಾನ್ ಎಂದರೆ ತನಗೆ ಒಪ್ಪಿಸಿದ ಹಳಿಯನ್ನು ದಿನವೂ ನಡೆದು ಪರೀಕ್ಷಿಸುವವನು. ಹೋಗುವಾಗ ಒಂದು ಕಂಬಿ, ಬರುವಾಗ ಇನ್ನೊಂದು. ಹೆಗಲಿಗೆ ಸುತ್ತಿಗೆ ಮತ್ತು ಸ್ಪ್ಯಾನರ್, ಚೀಲದಲ್ಲಿ ಬಾವುಟ, ಜೊತೆಗೆ ರೈಲ್ವೆ ಪಟಾಕಿ. ಮುಂದೆ ಅಪಾಯವಿದ್ದರೆ ಹಳಿಯ ಮೇಲೆ ಅದನ್ನು ಇಡುತ್ತಾರೆ. ಇಂಜಿನ್ ಹತ್ತಿದೊಡನೆ ಸಿಡಿದು ಚಾಲಕನನ್ನು ಎಚ್ಚರಿಸುತ್ತದೆ. ಕಂಬಿಯನ್ನು ಹಿಡಿದಿಡುವ ಕೀಲಿ ಸಡಿಲಾಗಿದ್ದರೆ ಬಡಿದು ಕೂರಿಸುವುದು, ಬೋಲ್ಟ್ ಬಿಗಿಯುವುದು, ಬಿರುಕು ಹುಡುಕುವುದು, ಇಷ್ಟೂ ಕಣ್ಣನ್ನು ನೆಲಕ್ಕೆ ನೆಟ್ಟು ಮಾಡುವ ಕೆಲಸ. ನೀವು ಗಾಜಿನ ಛಾವಣಿಯಿಂದ ಮೇಲೆ ನೋಡುತ್ತೀರಿ. ಅಜ್ಜ ಕೆಲಸದ ಅವಧಿಯುದ್ದಕ್ಕೂ ಕೆಳಗೆ ನೋಡಿದವರು.

ಸುಮಾರು 55 ಕಿಲೋಮೀಟರಿನ ಈ ಘಟ್ಟದಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. 1979ರಲ್ಲಿ ಹಾಸನ–ಮಂಗಳೂರು ಮಾರ್ಗ ಪೂರ್ತಿಯಾಗಿ ತೆರೆದುಕೊಂಡಾಗ ಅದು ಮೀಟರ್ ಗೇಜ್, ಎಂದರೆ ಕಂಬಿಗಳ ನಡುವೆ ಒಂದೇ ಮೀಟರ್ ಅಂತರ. ಸುರಂಗದ ನಡುವೆ ರೈಲು ಬಂದರೆ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ಬೆನ್ನು ಒತ್ತಿ ನಿಲ್ಲಬೇಕು. ಆಗೆಲ್ಲ ಹೊಗೆ ಹೋಗುವವರೆಗೂ ಉಸಿರು ಹಿಡಿದಿರಬೇಕಿತ್ತು. ಹೊರಗೆ ಬಂದರೆ ರಕ್ತ ಹೀರುವ ಇಂಬಳಗಳು ಕಾದಿರುತ್ತವೆ. (ಇಂಬಳದ ಬಗ್ಗೆ ಪ್ರೀತಿಯಿಂದ ಮಾತನಾಡಿದ ಪ್ರಕೃತಿಪ್ರೇಮಿ ನನಗೆ ಇನ್ನೂ ಸಿಕ್ಕಿಲ್ಲ.)

ಕೀಮ್ಯಾನ್ ಆಗುವ ಮೊದಲು, ಹಳಿ ದುರಸ್ತಿಯ ಗ್ಯಾಂಗ್‌ಮನ್ ಆಗಿದ್ದಾಗ, ಅಜ್ಜ ಮಳೆಗಾಲದ ರಾತ್ರಿ ಗಸ್ತು ಕೂಡ ಮಾಡಿದ್ದರು. ತನ್ನ ಸರಹದ್ದಿನ ಕೊನೆಗೆ ಹೋಗಿ, ಆಚೆಯಿಂದ ಬಂದ ಗಸ್ತಿನವನ ಜೊತೆ ಗಸ್ತಿನ ಪುಸ್ತಕ ಬದಲಾಯಿಸಿಕೊಂಡು ಬರಬೇಕು. ಪುಸ್ತಕ ಬದಲಾಗದಿದ್ದರೆ ಯಾರೋ ಬಂದಿಲ್ಲ ಎಂದೇ ಅರ್ಥ. ಬಾರದಿರುವುದಕ್ಕೆ ಆ ಕಾಡಿನಲ್ಲಿ ಆನೆಯೂ ಕಾರಣವಿರಬಹುದು, ಕುಸಿದ ಗುಡ್ಡವೂ ಇರಬಹುದು.

ಗುಡ್ಡವನ್ನು ಅಜ್ಜ ಓದುತ್ತಿದ್ದ ರೀತಿಯನ್ನು ನೆನೆದರೆ ಇಂದಿಗೂ ನನಗೆ ಬೆರಗು. ಜೋರು ಮಳೆಯಲ್ಲಿ ಹಳ್ಳದ ನೀರು ಇದ್ದಕ್ಕಿದ್ದಂತೆ ತಗ್ಗಿತೆಂದರೆ ನಮಗೆ ಸಮಾಧಾನ, ಅವರಿಗೆ ದಿಗಿಲು. ಮೇಲೆಲ್ಲೋ ಮಣ್ಣು ಜರಿದು ನೀರನ್ನು ಕಟ್ಟಿಹಾಕಿದೆ, ಅದು ಒಡೆದರೆ ಹಳಿ ಉಳಿಯುವುದಿಲ್ಲ ಎಂಬ ಲೆಕ್ಕ. ನೆಟ್ಟಗಿದ್ದ ಮರ ಹಳಿಯ ಕಡೆ ವಾಲಿದ್ದು, ತಿಳಿಯಾಗಿದ್ದ ಒರತೆ ಕೆಂಪಾಗಿದ್ದು, ಎಲ್ಲವೂ ಅವರ ಕಣ್ಣಿಗೆ ಬೀಳುತ್ತಿತ್ತು. 2024ರ ಜುಲೈನಲ್ಲಿ ಇದೇ ಘಟ್ಟದ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲುಗಳು ನಿಂತಾಗ ನನಗೆ ಮೊದಲು ನೆನಪಾದದ್ದು ಈ ಲೆಕ್ಕವೇ.

ಹಾಗಾದರೆ ಅವರಿಗೆ ಕಾಡೆಂದರೆ ಪ್ರೀತಿಯೇ ಇರಲಿಲ್ಲವೇ? ಇತ್ತು, ವಾರದ ರಜೆಯ ದಿನ! ಉಳಿದವರು ಕಾಲು ಚಾಚಿ ಮಲಗುವ ದಿನ ಇವರು ಕತ್ತಿ ಹಿಡಿದು ಹೊರಡುತ್ತಿದ್ದರು. ಮಳೆ ಹಿಡಿದ ಮೇಲೆ ಬಿದಿರಿನ ಕಳಲೆ, ಗುಡುಗಿನ ಮಾರನೆಯ ದಿನ ಅಣಬೆ, ಬೇಸಿಗೆಯಲ್ಲಿ ಕೆಂಪುಹೊಳೆಯ ಬಂಡೆಗಳ ಸಂದಿಯಲ್ಲಿ ಏಡಿ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸುವ ಕೆಲಸವನ್ನು ಅಜ್ಜಿಗೂ ಬಿಡುತ್ತಿರಲಿಲ್ಲ. ದೊಡ್ಡ ಕೊಕ್ಕಿನ ದಾಸಮಂಗಟ್ಟೆ ಹಕ್ಕಿ ರೆಕ್ಕೆ ಬಡಿದು ಹಾರಿದರೆ ಉಗಿಬಂಡಿ ಹೋದಂತೆ ಸದ್ದಾಗುತ್ತದೆ. ಅದು ಕೇಳಿದಾಗಲೆಲ್ಲ ಅಜ್ಜ "ಈ ಗಾಡಿಗೆ ನಾನು ಬಾವುಟ ತೋರಿಸಬೇಕಾಗಿಲ್ಲ" ಎಂದು ನಗುತ್ತಿದ್ದರು. ಆ ದಿನ ಮಾತ್ರ ತಲೆಯೆತ್ತಿ ನಡೆಯುತ್ತಿದ್ದರು.

ಹಳಿಯನ್ನು ಅಗಲಿಸುವ ಬ್ರಾಡ್ ಗೇಜ್ ಕೆಲಸಕ್ಕಾಗಿ 1996ರಲ್ಲಿ ಘಟ್ಟದ ಮಾರ್ಗ ಮುಚ್ಚಿದಾಗ ಅವರಿಗೆ ಬಯಲುಸೀಮೆಗೆ ವರ್ಗವಾಯಿತು. ನೇರವಾದ ಹಳಿ, ಸುರಂಗವಿಲ್ಲ, ಇಂಬಳವಿಲ್ಲ. ಕೆಲಸ ಹಗುರವಾಯಿತೆಂದು ಮನೆಯವರಿಗೆಲ್ಲ ಸಂತೋಷ. ಅಜ್ಜ ಮಾತ್ರ ರಜೆಯ ದಿನ ಏನು ಮಾಡುವುದೆಂದು ತಿಳಿಯದೆ ಕ್ವಾರ್ಟರ್ಸಿನ ಸುತ್ತ ತಿರುಗುತ್ತಿದ್ದರಂತೆ. ನಿವೃತ್ತರಾದ ಮೇಲೆ ಒಂದು ದಿನವೂ ಅಲ್ಲಿರದೆ ಸಕಲೇಶಪುರದ ಕಡೆಗೇ ಬಂದರು.

ಮಾರ್ಗ ಮುಚ್ಚಿದ್ದ ಆ ಹತ್ತು ವರ್ಷಗಳಲ್ಲೇ ಹಳಿಯ ಮೇಲಿನ ಟ್ರೆಕ್ಕಿಂಗ್ ಹೆಸರುವಾಸಿಯಾಯಿತು. ಸಕಲೇಶಪುರದ ಹತ್ತಿರದ ದೋಣಿಗಲ್‌ನಲ್ಲಿ ಇಳಿದ ಹುಡುಗರು ದಾರಿ ಕೇಳಿದರೆ ಅಜ್ಜ ಬೈಯುತ್ತಿರಲಿಲ್ಲ. ಟಾರ್ಚ್ ಇದೆಯೇ, ಸೇತುವೆ ದಾಟುವಾಗ ಕಂಬಿಯಡಿಯ ಅಡ್ಡ ಸ್ಲೀಪರ್ ನೋಡಿ ಹೆಜ್ಜೆ ಇಡುತ್ತೀರಾ ಎಂದಷ್ಟೇ ವಿಚಾರಿಸುತ್ತಿದ್ದರು. 2006ರಲ್ಲಿ ಗೂಡ್ಸ್ ಗಾಡಿಗಳು, ಮರುವರ್ಷದ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಶುರುವಾದವು. ಅಲ್ಲಿಂದ ಮುಂದೆ ದಾರಿ ಹೇಳುವುದನ್ನು ನಿಲ್ಲಿಸಿಬಿಟ್ಟರು. ಅಜ್ಜನ ಬಗೆಗಿನ ಆ ಪ್ರಶ್ನೆಯ ಬಾಲದಲ್ಲಿ "ನಾವೂ ಹಳಿಯ ಮೇಲೆ ನಡೆಯಬಹುದೇ?" ಎಂದು ಸೇರಿಸುವವರಿಗೆ ನನ್ನ ಉತ್ತರವೂ ಅದೇ: ಬೇಡ. ಅನುಮತಿಯಿಲ್ಲದೆ ಹಳಿಗೆ ಕಾಲಿಡುವುದು ರೈಲ್ವೆ ಕಾಯ್ದೆಯಡಿ ಅಪರಾಧ. ಅದಕ್ಕಿಂತ ಮುಖ್ಯವಾಗಿ, ನೀವು ಮೊಬೈಲ್ ಹಿಡಿದು ನಿಂತ ಸುರಂಗದಲ್ಲಿ ಕೆಲಸದ ಮೇಲಿರುವ ಕೀಮ್ಯಾನ್‌ಗೆ ತನ್ನ ಜೀವದ ಜೊತೆ ನಿಮ್ಮದನ್ನೂ ಕಾಯಬೇಕಾಗುತ್ತದೆ. ಹಗಲು ರೈಲಿಗೆ ಟಿಕೆಟ್ ತೆಗೆದುಕೊಳ್ಳಿ. ಕಿಟಕಿಯಾಚೆ, ಹಳಿಯ ಪಕ್ಕಕ್ಕೆ ಸರಿದು ಸುತ್ತಿಗೆ ಹೊತ್ತು ನಿಂತವರು ಕಂಡರೆ ಅವರ ಕಡೆಗೂ ಒಮ್ಮೆ ಕೈ ಬೀಸಿ.