ಮಾತು ಯಾರದು ಎಂದು ಬರೆಯುವ ಮೊದಲು

ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಮಹಡಿ ಕೋಣೆಯಲ್ಲಿ ಕುಳಿತು, ಧ್ವನಿಮುದ್ರಿಕೆಗಳನ್ನು ಕೇಳಿ ಅಕ್ಷರಕ್ಕಿಳಿಸುವ ಕೆಲಸವನ್ನು ನಾನು ಒಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಸಭೆಯಿರಲಿ, ಸಂದರ್ಶನವಿರಲಿ, ಏನು ಹೇಳಿದರು ಎಂಬುದರ ಜೊತೆಗೆ ಯಾರು ಹೇಳಿದರು ಎಂಬುದನ್ನೂ ಬರೆಯಬೇಕು. ಮೊದಲನೆಯದು ಅಭ್ಯಾಸದಿಂದ ಕೈಗೆ ಹತ್ತುತ್ತದೆ. ಎರಡನೆಯದರಲ್ಲಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದೆ. ಅದನ್ನು ತಿದ್ದಿಕೊಳ್ಳುವ ದಾರಿ ಸಿಕ್ಕಿದ್ದು ಒಂದು ವಿಡಿಯೊ ಗೇಮಿನಿಂದ.

ಭದ್ರಾ ನಾಲೆಯ ಅಚ್ಚುಕಟ್ಟಿನ ಕೊನೆಯ ಭಾಗದ ಒಂದು ಊರಿನಲ್ಲಿ ನಡೆದ ರೈತರ ಸಭೆಯ ಮುದ್ರಿಕೆ ನನಗೆ ಬಂದಿತ್ತು. ಮೇಜಿನ ಮೇಲಿಟ್ಟ ಒಂದೇ ಮೊಬೈಲಿನಲ್ಲಿ ಒಂದೂವರೆ ಗಂಟೆಯ ಮಾತು. ನಲವತ್ತೇಳನೆಯ ನಿಮಿಷದಲ್ಲಿ ಒಬ್ಬ ಯುವಕ, “ಅಣ್ಣಾ, ತೂಬು ಎತ್ತು ಅಂತ ನೀವೇ ಹೇಳಿದ್ರಲ್ಲ” ಎನ್ನುತ್ತಾನೆ. “ಹೌದಪ್ಪ, ಹೇಳ್ದೆ. ಪೈರು ಒಣಗ್ತಿತ್ತು” ಎಂಬ ಉತ್ತರ ಬರುತ್ತದೆ. ಸಭೆಯ ಆರಂಭದಿಂದಲೂ ಎಲ್ಲರೂ ಅಧ್ಯಕ್ಷರನ್ನೇ ಅಣ್ಣ ಎಂದು ಕರೆಯುತ್ತಿದ್ದುದರಿಂದ, ಆ ಉತ್ತರವನ್ನೂ ಅವರ ಹೆಸರಿಗೇ ಬರೆದು ಮುಂದೆ ಹೋದೆ. ಸರದಿ ಮೀರಿ ತೂಬು ಎತ್ತಿಸಿದ ಆರೋಪ ಆ ಒಂದು ಸಾಲಿನಿಂದ ಅವರ ತಲೆಗೆ ಬಂತು. “ನಾನು ಆಡದ ಮಾತು ನನ್ನ ಹೆಸರಲ್ಲಿ ಹೆಂಗೆ ಬಂತು, ನೀನೇ ಹೇಳಮ್ಮಾ” ಎಂದು ಅವರು ಫೋನಿನಲ್ಲಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮತ್ತೆ ಕೇಳಿದೆ. ಮೂವತ್ತೊಂದನೆಯ ನಿಮಿಷದಲ್ಲಿ ಕುರ್ಚಿ ಎಳೆದ ಸದ್ದು, ಯಾರೋ ಮೆಲ್ಲಗೆ “ಬರ್ರಿ, ಕುಂದರ್ರಿ” ಎಂದದ್ದು, ಲೋಟ ಇಟ್ಟ ಸದ್ದು. ಇನ್ನೊಬ್ಬ ಹಿರಿಯರು ತಡವಾಗಿ ಬಂದು ಮೊಬೈಲಿನಿಂದ ದೂರ ಕುಳಿತಿದ್ದರು. ಅವರೂ ಆ ಯುವಕನಿಗೆ ಅಣ್ಣನೇ. ತಿದ್ದಿದ ಪ್ರತಿಯನ್ನು ಕ್ಷಮಾಪಣೆಯೊಂದಿಗೆ ಕಳುಹಿಸಿದೆ. ಆದರೆ ಮೊದಲ ಪ್ರತಿ ಅಷ್ಟರಲ್ಲಿ ಊರೆಲ್ಲ ಸುತ್ತಿತ್ತು.

ಆ ವರ್ಷದ ದೀಪಾವಳಿಗೆ ಬಂದಿದ್ದ ಅಕ್ಕನ ಮಗ, “ಚಿಕ್ಕಮ್ಮಾ, ಇದು ನಿನ್ನ ಕೆಲಸಾನೇ ನೋಡು” ಎಂದು ‘ಅನ್‌ಹರ್ಡ್’ ಎಂಬ ಆಟವನ್ನು ಹಾಕಿಕೊಟ್ಟ. ಶಾಂಘೈನ ನೆಕ್ಸ್ಟ್ ಸ್ಟುಡಿಯೋಸ್ 2019ರಲ್ಲಿ ಹೊರತಂದ ಈ ಪತ್ತೇದಾರಿ ಆಟದಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ. ಕಟ್ಟಡವೊಂದರ ನಕ್ಷೆಯನ್ನು ಮೇಲಿನಿಂದ ಕಾಣುತ್ತೇವೆ, ಮುಖವಿಲ್ಲದ ಗುರುತುಗಳು ಕೋಣೆಯಿಂದ ಕೋಣೆಗೆ ಓಡಾಡುತ್ತವೆ, ನಾವು ಯಾವ ಕೋಣೆಯಲ್ಲಿ ನಿಂತಿರುತ್ತೇವೋ ಅಲ್ಲಿಯ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಹೆಸರುಗಳ ಪಟ್ಟಿಯಿಂದ ಒಂದೊಂದನ್ನು ಎಳೆದು ಸರಿಯಾದ ಧ್ವನಿಗೆ ಅಂಟಿಸಬೇಕು, ಅಪರಾಧಿ ಯಾರೆಂದು ಹೇಳಬೇಕು. ಕಾಲವನ್ನು ಬೇಕಾದಷ್ಟು ಸಲ ಹಿಂದಕ್ಕೆ ಸರಿಸಬಹುದು.

ಮೊದಲ ಸಲ ನಾನು ನನ್ನ ಕೆಲಸದ ಚಾಳಿಯಂತೆಯೇ, ಎಲ್ಲಿ ಗಲಾಟೆಯೋ ಅಲ್ಲಿಗೆ ಓಡಿದೆ. ಎಲ್ಲ ಅರೆಬರೆಯಾಯಿತು. ಹುಡುಗ ನಕ್ಕು, ಒಬ್ಬನನ್ನೇ ಹಿಡಿದು ಕೊನೆಯತನಕ ಅವನ ಹಿಂದೆ ಹೋಗು, ಆಮೇಲೆ ಇನ್ನೊಬ್ಬನ ಹಿಂದೆ ಹೊರಡು ಎಂದ. ಹಾಗೆ ಮಾಡಿದಾಗ, ಒಂದು ಕೋಣೆಯಲ್ಲಿ ನಯವಾಗಿ ಮಾತಾಡಿದವನು ಪಕ್ಕದ ಕೋಣೆಗೆ ಹೋದೊಡನೆ ದನಿ ಬದಲಿಸುವುದು ಕೇಳಿಸಿತು. ಅಧ್ಯಕ್ಷರೊಬ್ಬರ ದನಿಯನ್ನೇ ನಾನು ಹೀಗೆ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿದ್ದರೆ, ನಲವತ್ತೇಳನೆಯ ನಿಮಿಷದಲ್ಲಿ ಅವರು ಸುಮ್ಮನಿದ್ದುದು ತಿಳಿಯುತ್ತಿತ್ತು.

ಲ್ಯೂಕಸ್ ಪೋಪ್ 2018ರಲ್ಲಿ ರೂಪಿಸಿದ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಆಟದಿಂದ ಇನ್ನೊಂದು ಕಟ್ಟುಪಾಡನ್ನು ಎರವಲು ಪಡೆದಿದ್ದೇನೆ. ಅಲ್ಲಿ ಹಡಗಿನ 60 ಜನರ ಗತಿಯನ್ನು ಪತ್ತೆ ಮಾಡಬೇಕು. ಪ್ರತಿ ಸಾವಿನ ದೃಶ್ಯಕ್ಕೂ ಮೊದಲು ಕತ್ತಲಲ್ಲಿ ಕೊನೆಯ ಕ್ಷಣದ ಮಾತು, ಸದ್ದು ಮಾತ್ರ ಕೇಳಿಸುತ್ತದೆ, ಮಾತಿನ ಧಾಟಿಯೂ ಸುಳಿವಾಗುತ್ತದೆ. ಮೂವರ ಉತ್ತರ ಒಟ್ಟಿಗೆ ಸರಿಯಾದಾಗ ಮಾತ್ರ ಆಟ ಅದನ್ನು ಒಪ್ಪುತ್ತದೆ, ಆದ್ದರಿಂದ ಒಂದೇ ಉತ್ತರವನ್ನು ಊಹಿಸಿ ಸರಿಯೋ ತಪ್ಪೋ ಎಂದು ನೋಡುವಂತಿಲ್ಲ. ನಾನೂ ಈಗ ಮೂರು ಬೇರೆ ಬೇರೆ ಕಡೆ ತಾಳೆಯಾಗುವವರೆಗೆ ಹೆಸರು ಬರೆಯುವುದಿಲ್ಲ. ಅಲ್ಲಿಯವರೆಗೆ ‘ಧ್ವನಿ 4’, ‘ಧ್ವನಿ 5’ ಎಂದೇ ಇರುತ್ತದೆ.

ತಾಳೆ ನೋಡುವುದಕ್ಕೆ ಕನ್ನಡವೇ ಎಷ್ಟೊಂದು ಒದಗಿಸುತ್ತದೆ ಎಂಬುದು ಈ ಆಟಗಳನ್ನು ಆಡಿದ ಮೇಲೆ ನನಗೆ ಅರಿವಾಯಿತು. ನಮ್ಮಲ್ಲಿ ಹೆಸರು ಹಿಡಿದು ಕರೆಯುವುದು ಕಡಿಮೆ, ಅಣ್ಣ, ಅಕ್ಕ, ಗೌಡ್ರು, ಯಜಮಾನ್ರು ಎಂಬುದರಲ್ಲೇ ಸಭೆ ಮುಗಿಯುತ್ತದೆ. ಆದರೆ ಕ್ರಿಯಾಪದದ ತುದಿ ಸುಳ್ಳು ಹೇಳುವುದಿಲ್ಲ. ‘ಬಂದ’ ಎಂದರೋ ‘ಬಂದರು’ ಎಂದರೋ ಎಂಬುದರಿಂದ ಮಾತಾಡುವವರಿಗೂ ಆ ವ್ಯಕ್ತಿಗೂ ಇರುವ ಅಂತರ ತಿಳಿಯುತ್ತದೆ. ಊರಿನ ಧಾಟಿಯೂ ನೆರವಿಗೆ ಬರುತ್ತದೆ. ದಾವಣಗೆರೆ ಜಿಲ್ಲೆ 1997ರಲ್ಲಿ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಜಿಲ್ಲೆಗಳ ತಾಲ್ಲೂಕುಗಳನ್ನು ಕೂಡಿಸಿ ಆದದ್ದು. ಹಾಗಾಗಿ, ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿದ್ದರೂ, ಒಂದೇ ಮೇಜಿನ ಸುತ್ತ ಚನ್ನಗಿರಿ ಕಡೆಯವರ ‘ಬನ್ನಿ’ಯೂ ಹರಪನಹಳ್ಳಿ ಕಡೆಯವರ ‘ಬರ್ರಿ’ಯೂ ಕೇಳಸಿಗುತ್ತವೆ.

ನನ್ನ ಜೊತೆ ಈಗ ಇಬ್ಬರು ಹುಡುಗಿಯರು ಕೆಲಸ ಕಲಿಯುತ್ತಿದ್ದಾರೆ. ಮೊದಲ ವಾರ ಅವರಿಂದ ಒಂದು ಸಾಲನ್ನೂ ಬರೆಸುವುದಿಲ್ಲ. ಒಂದು ಮುದ್ರಿಕೆ ಕೊಟ್ಟು, ಒಂದು ಧ್ವನಿಯನ್ನು ಆರಿಸಿ ಅದರ ಹಿಂದೆ ಮಾತ್ರ ಹೋಗಲು ಹೇಳುತ್ತೇನೆ. ಹೋದ ತಿಂಗಳು ಅವರಲ್ಲೊಬ್ಬಳು, ಹಳೆಯ ಪ್ರತಿಯೊಂದರಲ್ಲಿ ನಾನೇ ಐದು ಕಡೆ ‘ಒಬ್ಬ ಮಹಿಳೆ’ ಎಂದು ಬರೆದಿದ್ದ ಧ್ವನಿಯನ್ನು ಆರಿಸಿಕೊಂಡಳು. ಮೂರು ದಿನ ಕೇಳಿದ ಮೇಲೆ ಹೆಡ್‌ಫೋನ್ ತೆಗೆದು, “ಅಕ್ಕಾ, ಐದೂ ಕಡೆ ಒಬ್ಬರೇ. ಐದು ಸಲವೂ ಕುಡಿಯೋ ನೀರಿನ ವಿಷಯಾನೇ ಕೇಳ್ತಿದ್ದಾರೆ, ಯಾರೂ ಉತ್ತರ ಕೊಟ್ಟಿಲ್ಲ” ಎಂದಳು. ಆ ಐದು ಸಾಲುಗಳನ್ನು ನಾವು ಅಂದೇ ಒಂದು ಗುರುತಿನಡಿ ಸೇರಿಸಿ, ಮುದ್ರಿಕೆ ಕೊಟ್ಟವರಿಗೆ ಹೊಸ ಪ್ರತಿ ಕಳುಹಿಸಿದೆವು.