ಮುಗಿಸದ ಪುಸ್ತಕಕ್ಕೆ ನಾನು ಕೊಟ್ಟ ಸೊನ್ನೆ

ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಗ್ರಂಥಾಲಯದ ಹೊಣೆಯೂ ನನ್ನದೇ. ಗ್ರಂಥಾಲಯವೆಂದರೆ ಶಿಕ್ಷಕರ ಕೊಠಡಿಯಲ್ಲಿರುವ ಎರಡು ಕಬ್ಬಿಣದ ಬೀರು. ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಪಾಠದ ಜೊತೆಜೊತೆಗೇ ನಡೆಯುವ ಮೌಲ್ಯಮಾಪನದ, ಚಟುವಟಿಕೆಗೆ ಅಂಕ ಕೊಡಬೇಕಲ್ಲ, ಹಾಗಾಗಿ ಒಂಬತ್ತನೇ ತರಗತಿಯವರಿಂದ ವರ್ಷವರ್ಷವೂ ಪುಸ್ತಕ ಪರಿಚಯ ಬರೆಸುತ್ತಿದ್ದೆ. ಶೀರ್ಷಿಕೆ, ಲೇಖಕರು, ಪ್ರಕಾಶಕರು, ಪಾತ್ರಗಳು, ಸಾರಾಂಶ, ಕಲಿತ ನೀತಿ ಎಂದು ಆರು ತಲೆಬರಹ. ಹೆಚ್ಚಿನ ಹಾಳೆಗಳಲ್ಲಿ ಬೆನ್ನುಡಿಯ ವಾಕ್ಯಗಳೇ ಇರುತ್ತಿದ್ದವು. ನೀತಿಯಂತೂ ಎಲ್ಲರದೂ ಒಂದೇ: ಸತ್ಯಕ್ಕೆ ಜಯ. ಅಕ್ಷರ ದುಂಡಗಿದ್ದರೆ ಪೂರ್ಣ ಅಂಕ ಹಾಕುತ್ತಿದ್ದೆ.

ಮೂರು ವರ್ಷಗಳ ಹಿಂದೆ ಒಬ್ಬ ಹುಡುಗ ಏನನ್ನೂ ಬರೆದು ಕೊಡಲಿಲ್ಲ. ಅವನು ಒಯ್ದಿದ್ದದ್ದು ತ.ರಾ.ಸು. ಅವರ ‘ದುರ್ಗಾಸ್ತಮಾನ’, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದಪ್ಪನೆಯ ಕಾದಂಬರಿ. ಕೇಳಿದಾಗಲೆಲ್ಲ ‘ಮುಗಿದಿಲ್ಲ ಮೇಡಂ’ ಎನ್ನುತ್ತಿದ್ದ. ಕೊನೆಯ ದಿನಾಂಕ ದಾಟಿತು, ಸೊನ್ನೆ ಹಾಕಿದೆ.

ಪುಸ್ತಕ ವಾಪಸು ತಂದ ದಿನ ಮಾತಿಗೆಳೆದೆ. ಭಾನುವಾರ ಬಂದರೆ ಕೋಟೆ ಹತ್ತುತ್ತಿದ್ದನಂತೆ, ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು. ಕಾದಂಬರಿಯಲ್ಲಿ ಬಂದ ಬಾಗಿಲು, ಬತೇರಿ, ಹೊಂಡಗಳನ್ನು ಹುಡುಕುತ್ತಿದ್ದನಂತೆ. ಏಕನಾಥೇಶ್ವರಿ ಗುಡಿಯ ಬಳಿ ಕುಳಿತು ಇಡೀ ಅಧ್ಯಾಯ ಓದಿದ್ದನ್ನು ಹೇಳುವಾಗ ಅವನ ಕೈ ತಾನಾಗಿಯೇ ಬೆಟ್ಟದ ಕಡೆಗೆ ಹೋಗುತ್ತಿತ್ತು. ಹಾಗಾದರೆ ಕೊನೆಯ ಪುಟಗಳನ್ನು ಯಾಕೆ ಬಿಟ್ಟೆ ಎಂದೆ.

‘ಮುಂದೆ ದುರ್ಗ ಬೀಳುತ್ತದೆ ಮೇಡಂ. ಓದಲು ಮನಸ್ಸಾಗಲಿಲ್ಲ.’

1779ರಲ್ಲಿ ಹೈದರಾಲಿಗೆ ದುರ್ಗ ವಶವಾದದ್ದು, ಮದಕರಿನಾಯಕ ಸೆರೆಯಾದದ್ದು ಈ ಊರಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಅದು ಗೊತ್ತಿದ್ದೂ ಅದನ್ನು ತಡೆಯಬೇಕೆನ್ನಿಸುವಷ್ಟು ಅವನು ಆ ಕಥೆಯೊಳಗೆ ಹೋಗಿದ್ದ. ನನ್ನ ದಾಖಲೆಯಲ್ಲಿ ಅವನ ಹೆಸರಿನ ಮುಂದೆ ‘ಅಪೂರ್ಣ’ ಎಂದಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ಅಂಕ ತಿದ್ದಿದೆ. ಅವನ ಬಳಿ ತಪ್ಪಾಯಿತು ಎಂದೂ ಹೇಳಿದೆ.

ಆರು ತಲೆಬರಹಗಳನ್ನು ಕೈಬಿಟ್ಟೆ. ಈಗ ಗುರುವಾರದ ಕೊನೆಯ ಅವಧಿ ಓದಿಗೆ ಮೀಸಲು. ಅಷ್ಟು ಹೊತ್ತೂ ಬೀರು ತೆರೆದಿರುತ್ತದೆ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯ ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗಾಗಿ ಎನ್ನುತ್ತದೆ. ಪುಸ್ತಕ ಹರಿದೀತು, ಕಳೆದೀತು ಎಂಬ ಹೆದರಿಕೆಯಿಂದ ನಾನು ಬೀಗದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ್ದೆ. ಕಳೆದ ವರ್ಷ ನಾಲ್ಕು ಪುಸ್ತಕ ಹರಿದವು. ಗೋಂದು ಹಚ್ಚಿ ಸರಿಮಾಡಿದೆವು.

ಇಷ್ಟವಾಗದ ಪುಸ್ತಕವನ್ನು ಅರ್ಧಕ್ಕೇ ಬಿಡಬಹುದು. ಬರೆಯಬೇಕಾದದ್ದು ಎರಡೇ ಸಾಲು: ಯಾವ ಪುಟದಲ್ಲಿ ನಿಂತೆ, ಯಾಕೆ? ಬರೆಯಲು ತಡವರಿಸುವವರು ನನ್ನ ಪಕ್ಕ ಕುಳಿತು ಬಾಯಲ್ಲಿ ಹೇಳುತ್ತಾರೆ, ನಾನು ಗುರುತು ಮಾಡಿಕೊಳ್ಳುತ್ತೇನೆ. ಹೀಗೆ ಮಾಡಿದರೆ ಕೆಲವರು ಓದದೆಯೇ ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ತಪ್ಪಿಸಿಕೊಳ್ಳುತ್ತಾರೆ, ನಿಜ. ಬೆನ್ನುಡಿ ನಕಲು ಮಾಡುತ್ತಿದ್ದಾಗಲೂ ಅವರು ಓದುತ್ತಿರಲಿಲ್ಲ.

ಹೋದ ವಾರ ಚಳ್ಳಕೆರೆ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯೊಬ್ಬಳು ಬರೆದ ಸಾಲುಗಳಿವು: ‘12ನೇ ಪುಟದಲ್ಲಿ ನಿಂತೆ. ಚಿತ್ರದಲ್ಲಿ ಶೇಂಗಾ ಕೊಂಬೆಯಿಂದ ನೇತಾಡುತ್ತಿದೆ, ಚಿತ್ರ ಬರೆದವರು ಒಮ್ಮೆ ನಮ್ಮ ಹೊಲಕ್ಕೆ ಬರಬೇಕು.’